ಮೊದಲ ದಿನದ ಧ್ವನಿ

"ಅನುಜಾ, ಆವಾಜ್ ಯೇತ್ ನಾಹೀ ಗ!" ಒಳಕೋಣೆಯಿಂದ ಚಿಕಿತ್ಸಕಿ ಹರ್ಷದಾತಾಯಿ ಕೂಗಿದರು.

ಧ್ವನಿ ಬರುತ್ತಿಲ್ಲ ಎಂದ ಕೂಡಲೇ ಅನುಜಾ ತನ್ನ ಮೇಜು ಬಿಟ್ಟು ಒಳಗೆ ಓಡಿದಳು. ಏನು ಕೆಟ್ಟಿದೆಯೆಂದು ತಿಳಿಯುವ ಮೊದಲೇ ಕೆಡಿಸಿದ್ದು ತಾನೇ ಎಂದು ಅವಳಿಗೆ ಖಾತ್ರಿಯಾಗಿಬಿಡುತ್ತಿತ್ತು.

ಮರಾಠಿ ಸೀಮೆಯ ಹಡಪಸರದ ಆ ವಾಕ್‌ಚಿಕಿತ್ಸಾ ಕೇಂದ್ರದಲ್ಲಿ ಅವಳದು ಸ್ವಾಗತದ ಮೇಜಿನ ಕೆಲಸ. ಸಂಜೆ ಕ್ಲಾಸಿನಲ್ಲಿ ಕಲಿತಷ್ಟನ್ನೇ ನೆಚ್ಚಿಕೊಂಡು ರೋಗಿಗಳ ಡೇಟಾಬೇಸನ್ನೂ ಕಟ್ಟಿದ್ದಳು. ಹೆಸರು ಒತ್ತಿದರೆ ಆ ರೋಗಿಯ ಧ್ವನಿಮುದ್ರಣಗಳು, ಆಯಾ ದಿನ ತೋರಿಸಿದ ಚಿತ್ರಗಳೊಂದಿಗೆ ತೆರೆದುಕೊಳ್ಳಬೇಕು. ಮುದ್ರಣಗಳೆಲ್ಲ ಇರುವುದು ಸ್ಟೋರ್ ರೂಮಿನ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿ. ಹರ್ಷದಾತಾಯಿಗೆ, ಅಂದರೆ ಹರ್ಷದಾ ಅಕ್ಕನಿಗೆ, ಕನ್ನಡ ಬಾರದು; ಕನ್ನಡದವರು ಬಂದರೆ ಚಿತ್ರ ಹಿಡಿದು ಕೇಳುವ ಕೆಲಸವೂ ಅನುಜಾಳದೇ.

ಒಳಗೆ ಮಹಾಲಿಂಗ ಶೆಟ್ಟರು ನೆಲ ನೋಡುತ್ತ ಕೂತಿದ್ದರು. ಕೊಂಢವಾ ಬಡಾವಣೆಯ ತಮ್ಮ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಅಡುಗೆಮನೆ ನಡುಗುವಂತೆ ಆರ್ಡರು ಕೂಗುತ್ತಿದ್ದ ಮನುಷ್ಯ. ಪಾರ್ಶ್ವವಾಯು ಬಲಗೈಯ ಜೊತೆ ಮಾತನ್ನೂ ಕೊಂಡೊಯ್ದಿತ್ತು. ಇವತ್ತಂತೂ ಒಂದು ಚಿತ್ರಕ್ಕೂ ಬಾಯಿ ತೆರೆದಿರಲಿಲ್ಲ.

"ಇವತ್ತಿಗೆ ಸಾಕು ಮಾಡುವ ಅಂತ," ಹೆಂಡತಿ ಉಮಾವತಿ ಹೇಳಿದರು. "ಗಣಪತಿ ಹಬ್ಬಕ್ಕೂ ಮುಂಚಿನಿಂದ ಬರ್ತಾ ಇದ್ದೇವೆ. ಎಂತ ಸುಧಾರಿಸಿದ್ದು ಹೇಳಿ? ಇಲ್ಲಿ ಚಿತ್ರ ನೋಡಿ ಬೆವರುದು, ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುದು. ಇದು ಹಿಂಸೆ ಅಲ್ವಾ?"

"ಹಂಗನ್ಬ್ಯಾಡ್ರಿ. ಭಾಳ ಫರಕ್ ಆಗ್ಯದ," ಎಂದಳು ಅನುಜಾ.

"ನಿಮ್ಮ ಧಾರವಾಡದ 'ಭಾಳ' ಇಟ್ಟುಕೊಂಡು ನಾನು ಹೋಟೆಲು ನಡೆಸ್ಲಿಕ್ಕೆ ಉಂಟಾ ಮಾರಾಯ್ತಿ?" ಎನ್ನುತ್ತಲೇ ಉಮಾವತಿ ಗಂಡನ ಕುತ್ತಿಗೆಯ ಬೆವರನ್ನು ಸೆರಗಿನಿಂದ ಒತ್ತಿ ಒರೆಸಿದರು.

ಮೊದಲ ದಿನದ ಮುದ್ರಣವನ್ನು ಇವರಿಗೊಮ್ಮೆ ಕೇಳಿಸಬೇಕೆಂಬುದು ಹರ್ಷದಾತಾಯಿಯ ಆಸೆ. ಪರದೆ ಮಾತ್ರ 'ಫೈಲ್ ಸಿಗಲಿಲ್ಲ' ಎನ್ನುತ್ತಿತ್ತು.

ಅನುಜಾಳಿಗೆ ಹೊಳೆಯಿತು. ಆ ಫೋಲ್ಡರಿಗೆ ಅವಳು 'ಝಡ್' ಎಂದು ಅಡ್ಡಹೆಸರಿಟ್ಟಿದ್ದಳು. ಡೇಟಾಬೇಸಿನಲ್ಲಿ ಪ್ರತಿ ಮುದ್ರಣದ ವಿಳಾಸವೂ ಝಡ್‌ನಿಂದಲೇ ಶುರು. ನಿನ್ನೆಯಷ್ಟೇ ಈ ಕೋಣೆಗೆ ಬಂದ ಹೊಸ ಕಂಪ್ಯೂಟರಿಗೆ ಆ ಹೆಸರು ಯಾರೂ ಹೇಳಿಕೊಟ್ಟಿರಲಿಲ್ಲ. ಫೋಲ್ಡರಿರುವ ಕಂಪ್ಯೂಟರಿನ ಪೂರ್ತಿ ಹೆಸರನ್ನೇ ವಿಳಾಸದಲ್ಲಿ ಬರೆಯಬೇಕೆಂದು ಕ್ಲಾಸಿನಲ್ಲಿ ಹೇಳಿದ್ದರು. ಉದ್ದವಾಯಿತೆಂದು ಅವಳೇ ಬಿಟ್ಟಿದ್ದಳು.

"ನಿನ್ನ ಮೇಜಿನ ಕಂಪ್ಯೂಟರಿನಲ್ಲೇ ಕೇಳಿಸಿಬಿಡೋಣವೇ?" ಹರ್ಷದಾತಾಯಿ ಮರಾಠಿಯಲ್ಲಿ ಕೇಳಿದರು.

"ನಕೋ ತಾಯಿ. ಬಾಹೇರ್ ಲೋಕ್ ಆಹೇತ್." ಹೊರಗೆ ಬೆಂಚಿನ ತುಂಬ ಜನ. ಒಬ್ಬರ ತೊದಲು ಇನ್ನೊಬ್ಬರ ಕಿವಿಗೆ ಬೀಳಬಾರದೆಂಬುದು ಇಲ್ಲಿ ಎಲ್ಲರೂ ಪಾಲಿಸುವ ಮಾತು. "ಒಂದೈದ್ ನಿಮಿಷ ಕೂಡ್ರಿ ಉಮಾವತಿಯವ್ರ. ತಪ್ಪು ನಂದ ಅದ, ನಾನ ಸರಿ ಮಾಡ್ತೀನಿ."

"ಇನ್ನೆಂತ ಕೇಳ್ಲಿಕ್ಕೆ ಉಂಟು, ಬಿಡಿ," ಎಂದು ಉಮಾವತಿ ಗಂಡನ ತೋಳಿಗೆ ಕೈ ಕೊಟ್ಟು ಎಬ್ಬಿಸಿದರು.

ಅನುಜಾ ಕೀಲಿಮಣೆಗೆ ಬಾಗಿದಳು. ಸ್ಟೋರ್ ರೂಮಿನ ಕಂಪ್ಯೂಟರಿನ ಪೂರ್ತಿ ಹೆಸರು ಬರೆದಳು. ಪಾಸ್‌ವರ್ಡ್ ಕೇಳಿತು, ತಪ್ಪಿತು. ದಿನವೂ ಬರೆಯುವ ಪದವೇ ಬೆರಳಿಗೆ ಅಪರಿಚಿತವಾಗಿತ್ತು. ಹಿಂದೆ ಶೆಟ್ಟರ ಎಳೆದ ಹೆಜ್ಜೆ ಬಾಗಿಲಿನತ್ತ ಸರಿಯುತ್ತಿತ್ತು. ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ಒತ್ತಿದಳು. ಫೋಲ್ಡರು ತೆರೆಯಿತು; ಅದಕ್ಕೆ ಇಲ್ಲಿಯೂ 'ಝಡ್' ಎಂದು ಹೆಸರು ಕೊಟ್ಟಳು. ಡೇಟಾಬೇಸಿಗೆ ಮರಳಿ ಶೆಟ್ಟರ ಹೆಸರು ಒತ್ತಿದಾಗ ಪರದೆಯ ಮೇಲೆ ಒಂದು ಸ್ಟೀಲ್ ಲೋಟದ ಚಿತ್ರ ಮೂಡಿತು.

ಮೊದಲು ಫ್ಯಾನಿನ ಸದ್ದು. ಆಮೇಲೆ ಸ್ಪೀಕರಿನಿಂದ ಅನುಜಾಳದೇ ಧ್ವನಿ: "ಇದೇನ್ರಿ ಶೆಟ್ರ?"

ಉಸಿರು. ಕುರ್ಚಿ ಕಿರುಗುಟ್ಟಿದ್ದು. "ಅ... ಅ... ಅ..."

ಉಮಾವತಿ ಬಾಗಿಲಲ್ಲೇ ತಿರುಗಿ ನಿಂತರು. "ಯಾರದ್ದು ಇದು?"

"ಇವರದ್ದೇ ರೀ. ಮೊದಲ್ನೇ ದಿನದ್ದು."

ಶೆಟ್ಟರು ತಲೆ ಓರೆ ಮಾಡಿ ಕೇಳುತ್ತಿದ್ದರು. ಸ್ಪೀಕರಿನೊಳಗಿನ ಮನುಷ್ಯ ಮತ್ತೆ ಮತ್ತೆ ಅದೇ ಒಂದು ಸ್ವರಕ್ಕೆ ಮುಗ್ಗರಿಸಿ, ಕೊನೆಗೆ ಬಿಕ್ಕಿದ. ಶೆಟ್ಟರು ಹೆಂಡತಿಯ ಕೈ ಬಿಡಿಸಿಕೊಂಡರು. ಗೋಡೆ ಹಿಡಿದು, ಕಾಲೆಳೆಯುತ್ತ ಮೇಜಿನವರೆಗೆ ಬಂದು, ಚಿತ್ರವನ್ನೊಮ್ಮೆ ನೋಡಿ, ಪುಟ್ಟ ಸ್ಪೀಕರಿನ ಬೆನ್ನ ಮೇಲೆ ಎಡಗೈ ಇಟ್ಟರು.

"ಲೋ," ಎಂದರು. ಸ್ವಲ್ಪ ಕಾದರು. "ಲೋ...ಟ."

ಒಳಗಿನವನಿಗೆ ಕೇಳಿಸಲಿಲ್ಲ. "ಅ... ಅ..."

"ಲೋ...ಟ... ಮಾರಾಯ."

ಮುದ್ರಣ ನಿಲ್ಲಿಸಲೆಂದು ಹರ್ಷದಾತಾಯಿ ಚಾಚಿದ ಕೈಯನ್ನು ಉಮಾವತಿ ಮೆಲ್ಲನೆ ಹಿಡಿದುಕೊಂಡರು. ಹಿಡಿದುಕೊಂಡೇ ಪಕ್ಕದ ಕುರ್ಚಿಯಲ್ಲಿ ಕೂತರು.

"ಇನ್ನೊಮ್ಮೆ ಹೇಳ್ರಿ ಶೆಟ್ರ, ಅವಸರ ಇಲ್ಲ," ಎಂದಿತು ಸ್ಪೀಕರಿನ ಅನುಜಾಳ ಧ್ವನಿ.

ಶೆಟ್ಟರು ಇನ್ನಷ್ಟು ಬಾಗಿ, ತುಟಿಯನ್ನು ಸ್ಪೀಕರಿನ ಹತ್ತಿರಕ್ಕೆ ತಂದರು.