ಹಿಂದೆ ಬರುತ್ತಿರುವ ಯಜಮಾನರು

ಮದುವೆಯಾದ ಹೊಸತರಲ್ಲಿ ಗಂಡ ಒಂದು ಮಾತು ಕೊಟ್ಟಿದ್ದ. "ಬೆಟ್ಟದ ಯಾತ್ರೆಗೆ ನಾವಿಬ್ಬರೂ ನಡ್ಕೊಂಡೇ ಹೋಗೋಣ ಕಣೇ. ಎಷ್ಟು ದಿನ ಹಿಡಿದ್ರೂ ಸರಿ, ನಾನು ಬಸ್ಸು ಹತ್ತಿದ್ರೆ ಕೇಳು."

ಆಮೇಲೆ ಮೊದಲನೆಯ ಮಗು ಬಂತು, ಎರಡನೆಯದು ಬಂತು, ಗಂಡನಿಗೆ ಹೊಟ್ಟೆ ಬಂತು. ಮಕ್ಕಳು ಬೆಳೆದು ತಂತಮ್ಮ ದಾರಿ ಹಿಡಿದರು. ಹೊಟ್ಟೆ ಮಾತ್ರ ಮನೆಯಲ್ಲೇ ಉಳಿಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ನಿಂತು ದುಡಿಯುವ ಹೆಂಡತಿ ಈ ವರ್ಷ ರಜೆ ಹಾಕಿ, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಾಗ ಅವನು ಕುರ್ಚಿಯಿಂದಲೇ ಹೇಳಿದ: "ನೀನು ಮುಂದೆ ನಡೀತಿರು. ನಾನು ಹಿಂದಿನಿಂದ ಬರ್ತೀನಿ."

ನಡೆಯುವುದು ಅವಳಿಗೆ ಕಷ್ಟವಾಗಲಿಲ್ಲ, ತಂಗುವುದು ಕಷ್ಟವಾಯಿತು. ಮೊದಲ ರಾತ್ರಿ ಯಾತ್ರಿಕರ ಬಿಟ್ಟಿ ಹಾಲ್‌ನಲ್ಲಿ ಮಲಗಿದಳು. ಎಡಗಡೆಯ ಗೊರಕೆ ಪ್ರಶ್ನೆ ಕೇಳಿದರೆ ಬಲಗಡೆಯದು ಉತ್ತರ ಕೊಡುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಬಚ್ಚಲಿಗೆ ಚಿಲಕವೇ ಇರಲಿಲ್ಲ, ಹೊರಗೆ ಗಂಡಸರ ಸಾಲು. ಬೆಳಿಗ್ಗೆ ಮುಖಕ್ಕಷ್ಟೇ ನೀರು ಹಾಕಿಕೊಂಡು ಹೊರಟಳು. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಪುಟ್ಟ ರೂಮು ಸಿಕ್ಕರೆ ಬೆಟ್ಟದವರೆಗೂ ನಡೆದೇನು, ಇಲ್ಲದಿದ್ದರೆ ವಾಪಸು ಬಸ್ಸೇ ಗತಿ ಎಂದುಕೊಂಡಳು.

ದೊಡ್ಡ ಹೋಟೆಲಿನಲ್ಲಿ ಗಂಡ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆದರೆ ಅಲ್ಲಿಯ ಬಾಡಿಗೆ ಕಟ್ಟಬೇಕಾದರೆ ಗಂಡನನ್ನೇ ಮಾರಬೇಕಿತ್ತು, ಅದಕ್ಕೂ ಗಿರಾಕಿ ಸಿಗುವುದು ಅನುಮಾನ. ಅಗ್ಗದ ಲಾಡ್ಜಿನ ಕಥೆಯೇ ಬೇರೆ.

"ಜೊತೆಗೆ ಯಾರಮ್ಮಾ?"

"ಯಾರೂ ಇಲ್ಲ."

"ಹಾಗಾದ್ರೆ ರೂಮೂ ಇಲ್ಲ."

"ಖಾಲಿ ಇದೆ ಅಂತ ಬೋರ್ಡು ಹಾಕಿದ್ದೀರಲ್ಲ?"

"ಅದು ಸಂಸಾರಸ್ಥರಿಗೆ ಖಾಲಿ."

ಮುಂದಿನ ಲಾಡ್ಜಿನಲ್ಲಿ ಅವಳು ಜಾಣೆಯಾದಳು. "ಯಜಮಾನ್ರು ಹಿಂದೆ ಬರ್ತಿದ್ದಾರೆ" ಎಂದಳು. ಅಲ್ಲಿಯವನು ಖಾತ್ರಿಗಾಗಿ ಫೋನ್ ಮಾಡಿಸಿದ. ಆ ಕಡೆ ಗಂಡ ಒಂದು ಕ್ಷಣ ತಬ್ಬಿಬ್ಬಾಗಿ, "ಹ್ಞಾಂ, ಇಲ್ಲೇ, ಬಂದೆ" ಎಂದ. ಕೀ ಕೈಗೆ ಬಂತು. ಬಿಸಿಲಲ್ಲಿ ನಡೆದು ಎದುರಿಗೆ ಬಂದು ನಿಂತವಳ ಮಾತಿಗೆ ಇಲ್ಲದ ಬೆಲೆ, ಎಲ್ಲೋ ಕುರ್ಚಿಯಲ್ಲಿ ಕೂತವನ ಕೆಮ್ಮಿಗೂ ಇತ್ತು.

ಗಂಡನಿಗೆ ಈ ವೇಷ ರುಚಿಸತೊಡಗಿತು. ಒಂದೂರಲ್ಲಿ ಹಿಮ್ಮಡಿ ನೋವೆಂದ. ಇನ್ನೊಂದೂರಲ್ಲಿ, "ಸ್ನಾನಕ್ಕೆ ಬಿಸಿನೀರು ಇಟ್ಟಿರಿ" ಎಂದು ಅಪ್ಪಣೆ ಕೊಟ್ಟ. ಅಲ್ಲಿಯ ಯಜಮಾನಿ ಮರುಕಪಟ್ಟು ಅವನ ಕಾಲಿಗೆಂದು ಮುಲಾಮು ಕೊಟ್ಟಳು. ಹೆಂಡತಿ ಅದನ್ನು ತನ್ನ ಬೊಬ್ಬೆಗಳಿಗೆ ಹಚ್ಚಿಕೊಂಡು ಸುಖವಾಗಿ ಮಲಗಿದಳು.

ಹೀಗೇ ಬೆಟ್ಟದ ಬುಡ ಬಂತು. ಅಲ್ಲಿದ್ದ ಅಗ್ಗದ ಲಾಡ್ಜು ಒಂದೇ. ಅದರ ಯಜಮಾನ ಸೊಂಟಕ್ಕೆ ಕೀಗೊಂಚಲು ಕಟ್ಟಿಕೊಂಡ, ಅನುಮಾನವನ್ನೇ ಹಾಸಿ ಹೊದ್ದು ಮಲಗುವ ಮನುಷ್ಯ.

"ಹಿಂದೆ ಬರ್ತಿದ್ದಾರಾ? ಬರಲಿ. ಕೀ ಅವರ ಕೈಗೇ ಕೊಡ್ತೀನಿ."

"ಅಣ್ಣಾ, ಅವರು ಬರೋದು ತಡ ಆಗತ್ತೆ."

"ಅದಕ್ಕೇನಂತೆ? ಸ್ಕೂಟರಿದೆ, ಹೋಗಿ ಕರ್ಕೊಂಡು ಬರ್ತೀನಿ. ಫೋನ್ ಹಚ್ಚಿ."

ಯಜಮಾನ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದ.

"ಎಲ್ಲಿದ್ದೀರಿ ಸ್ವಾಮೀ?"

"ಇಲ್ಲೇ, ದಾರೀಲಿ. ಒಂದು ಮರ ಕಾಣಿಸ್ತಿದೆ."

"ಯಾವ ಮರ?"

"ಹಸಿರು ಮರ."

ಅಷ್ಟರಲ್ಲಿ ಆ ಕಡೆಯಿಂದ ಕುಕ್ಕರ್ ಸಿಳ್ಳೆ ಹೊಡೆಯಿತು.

"ಏನ್ರೀ ಅದು?"

"ರೈಲು."

"ಈ ಸೀಮೆಗೆ ರೈಲೇ ಇಲ್ವಲ್ಲ!"

ಹೆಂಡತಿ ಚೀಲವನ್ನು ಕೆಳಗಿಟ್ಟಳು. "ಸಾಕು ಬಿಡಿ. ಅವರು ಮನೇಲಿದ್ದಾರೆ. ನಡೆದು ಬಂದಿದ್ದು ನಾನೊಬ್ಬಳೇ."

"ನೋಡಿದ್ರಾ? ಇದಕ್ಕೇ ನಾನು ಕೇಳೋದು." ಯಜಮಾನ ಗೆದ್ದವನಂತೆ ನೋಡಿ, ಆಮೇಲೆ ದನಿ ತಗ್ಗಿಸಿದ. "ನಾನೇನು ರಾಕ್ಷಸ ಅಲ್ಲಮ್ಮ. ಹೋದ ವರ್ಷ ಒಬ್ಬಾಕೆಗೆ ಕೊಟ್ಟೆ. ಅವಳ ಅಣ್ಣತಮ್ಮಂದಿರು ಬಂದು, ನಮ್ಮನೆ ಹುಡುಗೀಗೆ ರೂಮು ಕೊಡೋಕೆ ನೀನ್ಯಾರು ಅಂತ ಕಿಟಕಿ ಗಾಜು ಪುಡಿ ಮಾಡಿ ಹೋದ್ರು. ಊರೆಲ್ಲ ನನ್ನನ್ನೇ ಆಡ್ಕೊಳ್ತು."

"ಗಾಜು ಒಡೆದೋರು ಗಂಡಸರು. ರೂಮಿಲ್ಲದ್ದು ಹೆಂಗಸರಿಗಾ?"

ಯಜಮಾನ ಕೀಗೊಂಚಲು ತಡವಿದ. "ಆದ್ರೂ, ಏನಾದ್ರೂ ಹೆಚ್ಚುಕಡಿಮೆ ಆದ್ರೆ?"

"ಕತ್ತಲಾಗ್ತಿದೆ ಅಣ್ಣಾ. ಈಗ ನನ್ನನ್ನ ಬೀದಿಗೆ ಕಳಿಸಿದ್ರೆ ಏನೂ ಹೆಚ್ಚುಕಡಿಮೆ ಆಗಲ್ವಾ?"

ಫೋನ್ ಇನ್ನೂ ಬಾಯಿ ತೆರೆದೇ ಇತ್ತು.

"ಯಜಮಾನ್ರೇ," ಗಂಡನ ದನಿ ಸಣ್ಣಗಾಗಿತ್ತು, "ಇಷ್ಟು ದಿನ ನಾನು ಕೂತಲ್ಲೇ ಸುಳ್ಳು ಹೇಳಿದೆ, ಎಲ್ಲರೂ ನಂಬಿದ್ರು. ಅವಳು ನಿಜ ಹೇಳಿದ ಕಡೆಯೆಲ್ಲ ಬಾಗಿಲು ಹಾಕಿದ್ರು. ಇದ್ಯಾವ ನ್ಯಾಯಾನೋ ನನಗಂತೂ..."

ಕುಕ್ಕರ್ ಮತ್ತೆ ಕೂಗಿತು.

"ರೀ, ಮೊದಲು ಒಲೆ ಆರಿಸಿ!" ಹೆಂಡತಿ ಕಿರುಚಿದಳು.

ಯಜಮಾನನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಗೊಂಚಲಿನಿಂದ ಒಂದು ಕೀ ಬಿಡಿಸಿ ಅವಳ ಮುಂದಿಟ್ಟ. "ಮೇಲಿನ ರೂಮು. ಚಿಲಕ ಸ್ವಲ್ಪ ಬಿಗಿ, ಎತ್ತಿ ತಳ್ಳಿ."

ಅವಳು ಎತ್ತಿ ತಳ್ಳಿದಳು. ಹಾಸಿಗೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಒಗೆದವರು ಜಾಲಿಸುವಾಗ ಮೈಗಳ್ಳತನ ಮಾಡಿದ್ದಾರೆಂದು ಗೊಣಗಿ, ಅದರ ಮೇಲೆಯೇ ಗಡದ್ದಾಗಿ ನಿದ್ದೆ ಹೊಡೆದಳು. ಅದಕ್ಕೂ ಮುಂಚೆ ಗಂಡನ ಫೋನ್ ಬಂದಿತ್ತು: "ನಾಳೆ ಮೊದಲನೇ ಬಸ್ಸಿಗೇ ಬರ್ತೀನಿ ಕಣೇ. ಬೆಟ್ಟ ಒಂದನ್ನಾದ್ರೂ ಜೊತೆಗೆ ಹತ್ತೋಣ."

ಬೆಳಿಗ್ಗೆ ಅವಳು ಕೀ ಮರಳಿಸುವಾಗ ಹರೆಯದವಳೊಬ್ಬಳು ಚೀಲ ಹೊತ್ತು ಒಳಗೆ ಬಂದಳು. ಹಿಂದೆ ಮುಂದೆ ಯಾರೂ ಇರಲಿಲ್ಲ.

"ಜೊತೆಗೆ ಯಾರ..." ಎಂದು ಬಾಯಿ ತೆರೆದ ಯಜಮಾನ ಕೆಮ್ಮಿ ಅದನ್ನು ನುಂಗಿದ. "ಯಾವ ರೂಮು ಬೇಕಮ್ಮ? ಮೇಲಿನದಕ್ಕೆ ಗಾಳಿ ಚೆನ್ನಾಗಿದೆ. ಚಿಲಕ ಮಾತ್ರ ಬಿಗಿ. ಇವತ್ತೇ ಎಣ್ಣೆ ಬಿಡ್ತೀನಿ."

ಹೆಂಡತಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಕಾದಳು. ಮೊದಲನೇ ಬಸ್ಸಿನಿಂದ ಜನ ಇಳಿದರು. ಎರಡನೆಯದರಿಂದಲೂ ಇಳಿದರು. ಬಿಸಿಲು ಏರುತ್ತಿತ್ತು. ಅವಳು ಎದ್ದು, ಚಪ್ಪಲಿಯ ಪಟ್ಟಿ ಬಿಗಿದು, ಬೆಟ್ಟದ ಮೆಟ್ಟಿಲು ಹತ್ತತೊಡಗಿದಳು.

ಗಂಡ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.