ಮಹಾದೇವಿಯ ಗದ್ದದ ಹಚ್ಚೆ

ನನ್ನ ಹೆಂಡತಿ ಮಹಾದೇವಿ ದಿನಾ ಬೆಳಿಗ್ಗೆ ನಾನು ಏಳುವ ಮೊದಲು ನನ್ನ ರೇಜರ್ ಎತ್ತಿಕೊಳ್ಳುತ್ತಾಳೆಂದು ನನಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದೆ. ಕುರ್ಲಾದ ಚಾಳಿನ ಒಂದೇ ಕೋಣೆಯಲ್ಲಿ ಗುಟ್ಟು ಇಟ್ಟುಕೊಳ್ಳಲು ಜಾಗವೇ ಇಲ್ಲ, ಹೆಂಡತಿಗೆ ಒಂದಾದರೂ ಇರಲಿ ಎಂದು ಸುಮ್ಮನಿದ್ದೆ. ಅವಳ ಗದ್ದದ ಮೇಲೆ ಕೂದಲು ಬರುತ್ತಿತ್ತು. ಅದಕ್ಕೇ ನಾಲ್ಕು ಜನರ ನಡುವೆ ನಗು ಬಂದರೆ ಅವಳ ಸೆರಗು ಬಾಯಿಗೆ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ನಕ್ಕರೆ ಪಕ್ಕದ ಮನೆಯವರು ಎದ್ದು ಕೂಡುತ್ತಿದ್ದರು. ಆ ನಗು ಹೋಗಿಯೇ ಬಿಟ್ಟಿತ್ತು.

ಮುಲುಂಡಿನಲ್ಲಿ ಕೂದಲು ತೆಗೆಯುವ ಒಂದು ಲೇಸರ್ ಕ್ಲಿನಿಕ್ ಗೊತ್ತು ಮಾಡಿದವಳು ಮಗಳು ಶಿವಕುಮಾರಿ. ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡ ಮಾತಾಡಿದರೆ ಅರ್ಧ ಹಿಂದಿ.

"ಅವ್ವಾ, ಸುನ್. ಥ್ರೆಡ್ಡಿಂಗ್ ಬಿಲ್ಕುಲ್ ಬ್ಯಾಡ. ಕೀಳೋದೂ ಬ್ಯಾಡ. ಬೇರು ಒಳಗ ಇರಬೇಕು, ಲೇಸರ್ ಅದನ್ನ ಸುಡತೈತಿ. ಬಿಸಲಾಗ ಅಡ್ಡಾಡಬ್ಯಾಡ. ಅವತ್ತ ಮುಖಕ್ಕ ಏನೂ ಹಚ್ಚಬ್ಯಾಡ. ಶೇವ್ ಮಾಡಿದ್ರ ಚಲ್ತಾ ಹೈ."

ಶೇವ್ ಅನ್ನುತ್ತಲೇ ಮಹಾದೇವಿ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

ಹೋಗುವ ದಿನ ಅವಳು ಮುಖ ತೊಳೆದಳು, ಪೌಡರ್ ಮುಟ್ಟಲಿಲ್ಲ. ಗದ್ದದ ನಡುವೆ ಮಾತ್ರ ಮೈಬಣ್ಣದ ದಪ್ಪ ಕ್ರೀಮನ್ನು ಒತ್ತಿ ಹಚ್ಚಿಕೊಂಡಳು. ಅಲ್ಲಿ ಅವಳಿಗೊಂದು ಹಚ್ಚೆ ಇದೆ, ಜೋಳದ ಕಾಳಿನಷ್ಟು, ಹಸಿರು. ಕೊರವಂಜಿ ಸೂಜಿ ಚುಚ್ಚುವಾಗ ಅವಳ ಅವ್ವ ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಹಿಡಿದಿದ್ದಳಂತೆ. ಮರುವರ್ಷವೇ ಅವ್ವ ತೀರಿಹೋದಳು. ಒಂದು ಫೋಟೋ ಕೂಡ ಇಲ್ಲ. ಸತ್ತಾಗ ಮೈಮೇಲಿನ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಸಂಗಡ ಬರುವುದು ಎಂದು ನಮ್ಮ ಕಡೆ ಮಾತಿದೆ. ಮೇಲೆ ಹೋದಾಗ ಅವ್ವ ಇದರಿಂದಲೇ ತನ್ನ ಗುರುತು ಹಿಡಿಯುತ್ತಾಳೆಂದು ಮಹಾದೇವಿ ನಂಬಿದ್ದಾಳೆ. ಆದರೆ ಮುಂಬೈಗೆ ಬಂದ ಹೊಸದರಲ್ಲಿ ಯಾರೋ ಅದನ್ನು ನೋಡಿ ಗಾಂವಠಿ, ಹಳ್ಳಿಗುಗ್ಗು ಎಂದು ನಕ್ಕರು. ಅಂದಿನಿಂದ ಹೊಸ್ತಿಲು ದಾಟಿದರೆ ಅದರ ಮೇಲೆ ಕ್ರೀಮು. ಸಂಜೆ ಮುಖ ತೊಳೆದು, ಕನ್ನಡಿಯಲ್ಲಿ ಅದನ್ನೊಮ್ಮೆ ಮುಟ್ಟಿ ನೋಡಿಯೇ ಗ್ಯಾಸ್ ಹಚ್ಚುತ್ತಾಳೆ.

"ಏನೂ ಹಚ್ಚಬ್ಯಾಡ ಅಂದಿದ್ಲಲ್ಲ ಮಗಳು?" ಎಂದೆ.

"ಡಾಕ್ಟರ್ ಮುಂದ ಬರೇ ಗದ್ದಾ ತೊಗೊಂಡು ಹೋಗ್ಲೇನ್ರಿ? ನೀವು ಚಡ್ಡಿ ಮ್ಯಾಲ ಹೋಗ್ರಿ ನೋಡೋಣು!"

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ರಿಕ್ಷಾ ಹೊರಗೆ ತೆಗೆದೆ. ದಿನಾ ಊರವರನ್ನೆಲ್ಲ ಹೊರುವ ರಿಕ್ಷಾ ಅವತ್ತು ಮನೆಯವಳಿಗೆ.

ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿ ಹಿಂದಿಯಲ್ಲಿ ಪಟಪಟನೆ ಕೇಳಿದಳು: ಔಷಧಿ ಏನಾದರೂ ನಡೆದಿದೆಯೇ, ಅಲರ್ಜಿ ಇದೆಯೇ, ಟ್ಯಾಟೂ ಇದೆಯೇ? ಮಹಾದೇವಿ ಎಲ್ಲಕ್ಕೂ "ನಹೀ, ನಹೀ" ಎಂದಳು. ಟ್ಯಾಟೂ ಎಂದರೆ ಅವಳಿಗೆ ಕಾಲೇಜು ಹುಡುಗರ ತೋಳಿನ ಮೇಲಿನ ಚೇಳು. ಅವ್ವ ಹಾಕಿಸಿದ್ದನ್ನು ಅವಳು ಆ ಸಾಲಿಗೆ ಸೇರಿಸುತ್ತಾಳೆಯೇ? ಸುಳ್ಳೇಕೆ, ನನಗೂ ಹೊಳೆಯಲಿಲ್ಲ. ಅವಳನ್ನು ಒಳಗೆ ಕರೆದೊಯ್ದರು. ಗಂಡಸರು ಹೊರಗೇ ಇರಬೇಕೆಂದರು.

ಕೂತು ಬೇಸರವಾಗಿ ಗೋಡೆ ಮೇಲಿನ ಮರಾಠಿ ಬೋರ್ಡು ಓದತೊಡಗಿದೆ. ಬಿಸಿಲು ಬೇಡ, ವ್ಯಾಕ್ಸ್ ಬೇಡ, ಎಲ್ಲಾ ಮಗಳು ಹೇಳಿದ್ದೇ. ಕೊನೆಯ ಸಾಲು ಮಾತ್ರ ಹೊಸದು: ಗೋಂದಣ ಇದ್ದರೆ ಮೊದಲೇ ತಿಳಿಸಿ, ಅದರ ಮೇಲೆ ಲೇಸರ್ ಬಿದ್ದರೆ ಸುಡುತ್ತದೆ.

ಗೋಂದಣ ಎಂದರೆ ನಮ್ಮ ಹಚ್ಚೆ. ಮೇಲೆ ಕ್ರೀಮು ಬೇರೆ, ಒಳಗಿರುವವರಿಗೆ ಅದು ಕಾಣುವುದಾದರೂ ಹೇಗೆ?

ನಾನು ಓಡಿದೆ. "ಅಂಕಲ್, ಅಂದರ್ ನಹೀ!" ಎಂದು ಹುಡುಗಿ ಅಡ್ಡ ಬಂದಳು. ನಾನು ಪರದೆ ಸರಿಸಿಯೇ ಬಿಟ್ಟೆ. ಮಹಾದೇವಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದಳು. ಮಷೀನು ಗುಂಯ್ ಅನ್ನುತ್ತಿತ್ತು. ಡಾಕ್ಟರಮ್ಮನ ಕೈ ಅವಳ ಗದ್ದದ ಹತ್ತಿರ ಬಂದಿತ್ತು.

"ಮೇಡಂ, ರುಕೋ! ಉಸ್ಕೀ ಠೋಡೀ ಪೇ ಗೋಂದಣ ಹೈ!"

ಡಾಕ್ಟರಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಹತ್ತಿಗೆ ಏನೋ ಹಾಕಿ ಒರೆಸಿದರು, ಏನೂ ಕಾಣಲಿಲ್ಲ. ಮತ್ತೊಮ್ಮೆ ಒತ್ತಿ ಒರೆಸಿದರು. ಹಸಿರು ಚುಕ್ಕೆ ಮೇಲೆದ್ದಿತು.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಇದರ ಮೇಲೆ ಲೇಸರ್ ಬಿದ್ದಿದ್ದರೆ ಬೊಬ್ಬೆ ಎದ್ದು, ಹಚ್ಚೆಯೂ ಕೆಟ್ಟುಹೋಗುತ್ತಿತ್ತು, ಮೊದಲೇ ಸರಿಯಾಗಿ ಒರೆಸದೆ ಇದ್ದದ್ದು ನಮ್ಮದೂ ತಪ್ಪು ಎಂದರು.

ಕನ್ನಡಕದಲ್ಲಿ ಏನೂ ಕಾಣದ ಮಹಾದೇವಿ ಕೈ ಚಾಚಿ ಹುಡುಕುತ್ತಿದ್ದಳು. "ಏನಾತ್ರಿ? ಐತಿಲ್ಲೋ ಅದು? ಹೋಗಿಲ್ಲಲ್ರಿ?"

"ಐತಿ. ಹೆಂಗಿತ್ತೋ ಹಂಗ ಐತಿ," ಎಂದೆ. ಅವಳ ಕೈ ಹಿಡಿದುಕೊಂಡು ಅಲ್ಲೇ ನಿಂತೆ. ಹೊರಗೆ ಹೋಗಿ ಎಂದು ಈ ಸಲ ಯಾರೂ ಹೇಳಲಿಲ್ಲ.

ಹಚ್ಚೆಯ ಮೇಲೆ ಬಿಳಿ ಪಟ್ಟಿ ಅಂಟಿಸಿ, ಸುತ್ತಲೂ ಒಂದಿಷ್ಟು ಜಾಗ ಬಿಟ್ಟು, ಉಳಿದ ಕಡೆ ಲೇಸರ್ ಹೊಡೆದು, ಆಮೇಲೆ ಪಟ್ಟಿ ತೆಗೆದರು. ರಬ್ಬರ್ ಬ್ಯಾಂಡಿನಿಂದ ಹೊಡೆದ ಹಾಗೆ ಚುರುಕ್ ಅನ್ನುತ್ತದೆ, ಅಷ್ಟೇ ಎಂದಳು ಇವಳು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಬರಬೇಕು, ಬಿಳಿ ಕೂದಲಿಗೆ ಇದು ನಾಟುವುದಿಲ್ಲ, ಹಚ್ಚೆಯ ಸುತ್ತಲಿನವು ಹಾಗೇ ಉಳಿಯುತ್ತವೆ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಇವತ್ತು ಕ್ರೀಮು ಗೀಮು ಮುಟ್ಟಕೂಡದು ಎಂದೂ ಗದರಿಸಿದರು.

ವಾಪಸು ಬರುವಾಗ ಮಹಾದೇವಿ ಹಿಂದಿನಿಂದ ಮೆಲ್ಲಗೆ ಅಂದಳು, "ಹಚ್ಚಿ ಸುತ್ತಿನ ನಾಕು ಕೂದಲಾ ಉಳೀತಾವಂತ್ರಿ. ಅವಕ್ಕೇನ ಮಾಡ್ಲಿ?"

"ನನ್ನ ರೇಜರ್ ಐತೆಲ್ಲ."

ಅವಳು ಸೀಟಿನ ಅಂಚಿಗೆ ಸರಿದು ನನ್ನ ಕಡೆ ಬಾಗಿದಳು. "ನಿಮಗ ಗೊತ್ತಿತ್ತೇನ್ರಿ?"

"ಮತ್ತ ಹೊಸಾ ಬ್ಲೇಡ್ ಯಾರು ಹಾಕಿಡ್ತಿದ್ರು ಅಂತ ಮಾಡಿದ್ದಿ?"

ಅವಳು ನಕ್ಕಳು. ಪಕ್ಕದ ಟೆಂಪೋದವನು ತಿರುಗಿ ನೋಡುವ ಹಾಗೆ ನಕ್ಕಳು. ಕನ್ನಡಿಯಲ್ಲಿ ನೋಡಿದೆ, ಸೆರಗು ಹೆಗಲ ಮೇಲೇ ಇತ್ತು. ನನಗೆ ಅಳು ಬಂತು, ಹಾರ್ನ್ ಹೊಡೆದೆ.

ಚಾಳಿನ ನಲ್ಲಿಯ ಹತ್ತಿರ ಬೀಬೀಜಾನ ನೀರು ಹಿಡಿಯುತ್ತಿದ್ದಳು. ವಿಜಯಪುರದ ಕಡೆಯವಳು, ಎಷ್ಟೋ ವರ್ಷಗಳ ನೆರೆಯವಳು. ಅವಳು ಮಹಾದೇವಿಯ ಗದ್ದ ನೋಡಿ ಕೊಡ ಕೆಳಗಿಟ್ಟಳು. "ಯವ್ವಾ, ಏನ ಇದು ಗದ್ದದ ಮ್ಯಾಲ? ಇಷ್ಟ ದಿನಾ ನೋಡೇ ಇರಲಿಲ್ಲಲ್ಲ."

ಮಹಾದೇವಿ ಮುಖ ಮುಚ್ಚಿಕೊಳ್ಳಲಿಲ್ಲ. ಗದ್ದ ಎತ್ತಿ ತೋರಿಸಿದಳು.

"ನಮ್ಮವ್ವ," ಎಂದಳು.