ಭಾವನ ನಿಂತ ಫೋಟೋ

ಕಂಡಕ್ಟರ್ ಭಾವನಿಗೆ ನಿಂತ ಫೋಟೋ ಒಂದೂ ಇರಲಿಲ್ಲ. ಬಸ್ಸಿನಲ್ಲಿ ನಿಂತು ನಿಂತೇ ತಲೆ ನರೆತ ಮನುಷ್ಯ, ಲೈಸೆನ್ಸಿನಲ್ಲೂ ಗುರುತಿನ ಚೀಟಿಯಲ್ಲೂ ಎದೆಯಿಂದ ಮೇಲಕ್ಕೆ ಮಾತ್ರ ಇದ್ದ. ಮದುವೆಯ ಫೋಟೋದಲ್ಲಿ ಅವನ ಸೊಂಟದಿಂದ ಕೆಳಗಿನದನ್ನೆಲ್ಲ ಮುಂದೆ ಕೂತ ಮಕ್ಕಳ ತಲೆಗಳು ನುಂಗಿದ್ದವು.

ಅದು ಯಾರಿಗೂ ಕೊರತೆ ಅನ್ನಿಸಿರಲಿಲ್ಲ. ಸಕ್ಕರೆ ಕಾಯಿಲೆಯ ಹುಣ್ಣನ್ನು ಬೂಟಿನೊಳಗೆ ಬಚ್ಚಿಟ್ಟುಕೊಂಡು ಡ್ಯೂಟಿ ಮಾಡಿ, ಕೊನೆಗೆ ಡಾಕ್ಟರು ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಅಂದ ಮೇಲೆ ಅನ್ನಿಸಿತು. ಆಪರೇಷನ್ನಿನ ಹಿಂದಿನ ದಿನ ಹೆಂಡತಿಯ ಹೆಗಲು ಹಿಡಿದು, ಕುಂಟುತ್ತಾ ಅವಳ ತಮ್ಮನ ಸ್ಟುಡಿಯೋಕ್ಕೆ ಬಂದ.

"ತಲೆಯಿಂದ ಕಾಲಿನವರೆಗೆ ಒಂದು ಹೊಡಿಯಪ್ಪ ಭಾಮೈದ. ಜೊತೆಗೇ ಹುಟ್ಟಿದ ಕಾಲು. ಕಳಿಸಿಕೊಡೋ ಮುಂಚೆ ಒಂದು ಗ್ರೂಪ್ ಫೋಟೋ ಬೇಡ್ವಾ?"

"ಕೇಳಿದ್ಯಾ? ಈಗಲೂ ತಮಾಷೆ," ಅಂದಳು ಅಕ್ಕ. "ಬೇಡ ಅಂತ ಬಡ್ಕೊಂಡೆ. ನನ್ನ ಮಾತು ಇವರಿಗೆ ಯಾವತ್ತು ನಾಟಿದೆ?"

ತಮ್ಮನಿಗೆ ಫಜೀತಿಯಾಯಿತು. ಅವನ ಸ್ಟುಡಿಯೋ ಬೆಂಕಿಪೊಟ್ಟಣದಷ್ಟು. ಮುಖದ ಫೋಟೋಗೆ ಧಾರಾಳವಾಯಿತು, ಆಳೆತ್ತರಕ್ಕೆ ಸಾಲದು. ಹತ್ತಿರ ನಿಂತು ಕಣ್ಣಿನ ಮಟ್ಟದಿಂದ ತೆಗೆದರೆ ತಲೆ ಕುಂಬಳಕಾಯಿ, ಕಾಲು ಕಡ್ಡಿ. ದೂರ ಹೋಗಬೇಕು, ಕ್ಯಾಮೆರಾ ಸೊಂಟದ ಮಟ್ಟಕ್ಕೆ ಇಳಿಸಬೇಕು, ಪಾದದ ಕೆಳಗೆ ಒಂದಿಷ್ಟು ನೆಲ ಬಿಡಬೇಕು. ನೆಲ ಕಾಣದಿದ್ದರೆ ಮನುಷ್ಯ ಗೂಟಕ್ಕೆ ನೇತುಹಾಕಿದ ಅಂಗಿಯ ಹಾಗೆ ಕಾಣುತ್ತಾನೆ. ಭಾವನನ್ನು ಒಳಗಿನ ಗೋಡೆಗೆ ನಿಲ್ಲಿಸಿ, ತಾನು ಬಾಗಿಲು ದಾಟಿ ಬೀದಿಯಲ್ಲಿ ಮಂಡಿಯೂರಿದ. ಹೋಗಿಬರುವವರು ಅಡ್ಡ ಬಂದು ಇಣುಕತೊಡಗಿದರು.

"ಒಳಗೆ ಜಾಗ ಇಲ್ಲ, ಮುಂದೆ ಹೋಗಿ, ಮುಂದೆ ಹೋಗಿ!" ಎಂದು ಭಾವ ಒಳಗಿನಿಂದ ಕೂಗಿದ. ಜನ ನಗುತ್ತಾ ಸರಿದರು.

ಕೈಗಳದೇ ತೊಂದರೆ. ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

"ಕೈ ಏನು ಮಾಡ್ಲಿ?"

"ಸುಮ್ನೆ ಬಿಡಿ ಭಾವ."

"ಸುಮ್ನೆ ಇರೋ ಕೈ ನನ್ನ ಹತ್ರ ಇಲ್ವಲ್ಲಪ್ಪ."

ತಮ್ಮ ಒಳಗೆ ಬಂದು, ಅಕ್ಕನ ಹೂವಿನ ಚಿತ್ರದ ಚೀಲವನ್ನು ಕಿತ್ತುಕೊಂಡು ಭಾವನ ಹೆಗಲಿಗೆ ಹಾಕಿದ. ಎಡಗೈ ತಾನಾಗಿಯೇ ಚೀಲದ ಬಾಯಿಗೆ ಹೋಯಿತು, ಬೆನ್ನು ನೆಟ್ಟಗಾಯಿತು, ಇಡೀ ಮೈ ತನ್ನ ಜಾಗಕ್ಕೆ ಬಂದು ಕೂತಿತು.

"ಹೆಂಗಸರ ಚೀಲ ಹೊತ್ಕೊಂಡು ಸಾಯ್ಬೇಕಾ ನಾನು?"

"ಹೂವೆಲ್ಲ ಆಮೇಲೆ ಕಂಪ್ಯೂಟರಲ್ಲಿ ಅಳಿಸ್ತೀನಿ. ಅಲ್ಲಾಡಬೇಡಿ."

ಭಾವ ಪ್ಯಾಂಟನ್ನು ಎರಡೂ ಮೊಣಕಾಲಿನವರೆಗೆ ಮಡಚಿ, ಬ್ಯಾಂಡೇಜು ಬಿಚ್ಚತೊಡಗಿದ. ಅಂಗಡಿಯೆಲ್ಲ ವಾಸನೆ ತುಂಬಿತು. ಎರಡು ಬೆರಳು ಇದ್ದಿಲಾಗಿದ್ದವು. ಪಾದ ಬಾತುಕೊಂಡು ಹೊಳೆಯುತ್ತಿತ್ತು.

"ಅದು ಇರಲಿ ಬಿಡಿ ಭಾವ."

"ನಾನು ತೆಗೆಸ್ತಿರೋದು ಬ್ಯಾಂಡೇಜಿನ ಫೋಟೋ ಅಲ್ಲ." ಅವನು ಬಲಗಾಲನ್ನು ಅರ್ಧ ಹೆಜ್ಜೆ ಮುಂದಿಟ್ಟು, ಹಲ್ಲು ಕಚ್ಚಿ ಅದರ ಮೇಲೆ ಭಾರ ಹಾಕಿದ. ತಿರುವಿನಲ್ಲಿ ಬಸ್ಸು ವಾಲಿದಾಗ ಹೀಗೇ ನಿಲ್ಲುತ್ತಿದ್ದ. "ಈಗ ಹೊಡಿ. ರೈಟ್!"

ಒಂದೇ ಒಂದು ತೆಗೆಯುವಷ್ಟು ಹೊತ್ತು ನಿಂತ. ಆಮೇಲೆ ಅಕ್ಕ ಓಡಿಹೋಗಿ ಹಿಡಿದುಕೊಂಡಳು.

ಪಾಸ್‌ಪೋರ್ಟ್ ಫೋಟೋಗಳಲ್ಲೇ ಹೊಟ್ಟೆ ಹೊರೆದವನು ತೆಗೆದ ಅತ್ಯಂತ ಒಳ್ಳೆಯ ಚಿತ್ರ ಅದು. ಅವನಿಗೂ ಅದು ಗೊತ್ತಾಯಿತು.

ಸಂಜೆ ಕಂಪ್ಯೂಟರಿನ ಮುಂದೆ ಕೂತು ಚೀಲದ ಹೂವುಗಳನ್ನು ಒಂದೊಂದಾಗಿ ಅಳಿಸಿದ. ಜನರ ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು ತೆಗೆದು ತೆಗೆದು ಪಳಗಿದ ಕೈ, ಹಾಗೇ ಕೆಳಗೆ ಜಾರಿತು. ಪರದೆಯ ತುಂಬ ಆ ಪಾದ. ಅವನಿಂದ ನೋಡಲಾಗಲಿಲ್ಲ. ನಾಳೆಯಿಂದ ಕುಂಟಾಗುವ ಮನುಷ್ಯ ಗೋಡೆಯ ಮೇಲೆ ಈ ಕೊಳೆತದ್ದನ್ನೇ ನೋಡುತ್ತಾ ಕೂರಬೇಕೆ? ಗಟ್ಟಿಯಾಗಿದ್ದ ಎಡಗಾಲನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಬಲಗಾಲಿನ ಜಾಗಕ್ಕೆ ಕೂರಿಸಿದ. ನೆರಳನ್ನೂ ಹೊಂದಿಸಿದ. ಪಾಸ್‌ಪೋರ್ಟ್ ಫೋಟೋಗೆ ಮಾಡುವ ಹಾಗೆಯೇ ಹಳೆಯ ಚಿತ್ರದ ಮೇಲೇ ಸೇವ್ ಮಾಡಿದ. ಬೆಳಿಗ್ಗೆ ಇನ್ನೊಂದು ಕೆಲಸಕ್ಕೆ ಹೊರಡುವಾಗ, ದಿನದ ರೂಢಿಯಂತೆ, ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿದ. ಅದೇ ಹೊತ್ತಿಗೆ ಭಾವನನ್ನು ಆಪರೇಷನ್ ಕೋಣೆಗೆ ಒಯ್ದಿದ್ದರು.

ಭಾವ ಮನೆಗೆ ಬಂದ ಮೇಲೆ, ದೊಡ್ಡದಾಗಿ ಕಟ್ಟುಹಾಕಿಸಿದ ಫೋಟೋವನ್ನು ತಮ್ಮ ಹೊತ್ತು ತಂದ. ಭಾವ ಹಾಸಿಗೆಯಲ್ಲಿ ಒರಗಿ ಕೂತು ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡ. ಮುಖ ನೋಡಿ ನಕ್ಕ. ಚೀಲ ನೋಡಿ, "ಕಳ್ಳ, ಬಸ್ ಕಂಪನಿ ಚೀಲಾನೇ ಮಾಡಿಬಿಟ್ಟಿದ್ದೀಯ," ಅಂದ. ಕೆಳಗೆ ನೋಡಿ ಬಲಗಾಲಿನ ಮೇಲೆ ಬೆರಳಿಟ್ಟ.

"ಬಸ್ಸಿನ ಬಾಗಿಲು ಬಡಿದು ಮೂಳೆ ಮೇಲೆ ಗಂಟಾಗಿತ್ತಲ್ಲ, ಅದೆಲ್ಲಿ?"

ಭಾವನ ಬೆರಳು ಇನ್ನಷ್ಟು ಕೆಳಗೆ ಸರಿಯಿತು.

"ಈ ಕಲೆ ನಾಯಿ ಕಚ್ಚಿದ್ದು. ಎಡಗಾಲಿಗೆ. ಎರಡೂ ಕಾಲಿಗೆ ಅಳತೆ ಇಟ್ಟು ಕಚ್ಚಿತ್ತಾ ನಾಯಿ?"

"ನಿಮಗೆ ನೋವಾಗಬಾರದು ಅಂತ..."

"ನೋವು ನಿನಗಾಗಿರಬೇಕು. ನನಗೆ ಅದು ಅಭ್ಯಾಸ." ಭಾವ ಬೆರಳಿನಿಂದ ಗಾಜು ಒರೆಸಿದ. "ಹೋಗ್ಲಿ ಬಿಡು. ಮೊದಲಿನದು ಕೊಡು, ಸಣ್ಣದಾದ್ರೂ ಪರವಾಗಿಲ್ಲ."

"ಇಲ್ಲ ಭಾವ. ಉಳಿದಿಲ್ಲ."

"ಎಲ್ಲೂ?"

"ಎಲ್ಲೂ ಇಲ್ಲ."

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ಇಬ್ಬರ ಮುಖವನ್ನೂ ನೋಡಿದಳು. "ಚೆನ್ನಾಗೇ ಬಂದಿದೆಯಲ್ಲ?" ಅಂದಳು. 

"ಕೂತ್ಕೋ," ಅಂದ ಭಾವ, ಫೋಟೋವನ್ನು ಪಕ್ಕಕ್ಕಿಟ್ಟು. "ತಲೆ ತಗ್ಗಿಸ್ಬೇಡ. ಹರಿದ ಟಿಕೆಟ್ಟು ವಾಪಸ್ ಪುಸ್ತಕಕ್ಕೆ ಅಂಟಲ್ಲ. ಊಟ ಮಾಡ್ಕೊಂಡು ಹೋಗು."

ತಮ್ಮ ಕೂತ. ಗೋಡೆಗೆ ಮೊಳೆ ಹೊಡೆಯಲು ಭಾವ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಹೋದದ್ದು ಎರಡು: ಒಂದು ಬಲಗಾಲು, ಮತ್ತು ಅದರ ಒಂದೇ ಒಂದು ಫೋಟೋ.